ಅಪ್‌ಡೇಟ್: ಓಲೆ ತಂತಿಯ ಕೊಂಡಿ ಈಗ ಸರಿಯಾಗಿ ಮುಚ್ಚುತ್ತಿದೆ

ಓಲೆ ಮಾಡುವಾಗ ಮಣಿ ಪೋಣಿಸಿದ ತಂತಿಯ ತುದಿಯ ಕೊಂಡಿಗಳು ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತವೆ, ಬಾಯಿ ಕೂಡುವುದಿಲ್ಲ, ಲೂಪರ್ (ತಂತಿಯ ಕೊಂಡಿ ಮಾಡುವ ಇಕ್ಕಳ) ತಗೋಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಲೂಪರ್ ತಗೊಂಡೆ. ಮಣಿಯಿಂದ ಆಚೆ ಬಂದ ತಂತಿಯನ್ನು ಅದರ ತೂತಿಗೆ ತೂರಿಸಿ ಹಿಡಿ ಒತ್ತಿದರೆ ಸಾಕು, ಕತ್ತರಿಸುವುದೂ ಬಗ್ಗಿಸುವುದೂ ಒಟ್ಟಿಗೇ ಆಗುತ್ತದೆ. ಎಲ್ಲ ಕೊಂಡಿಗಳೂ ಒಂದೇ ಅಳತೆ, ಸುಮಾರು 1.5 ಮಿ.ಮೀ. ಜಾಸ್ತಿ ಓಲೆ ಮಾಡುವವರಿಗೆ ನಿಜಕ್ಕೂ ವರ. ಆದರೆ ತಾಮ್ರ, ಹಿತ್ತಾಳೆಯಂಥ ಮೆತ್ತನೆ ತಂತಿಗೆ ಮಾತ್ರ. ಸ್ಟೀಲ್ ತಂತಿ ಹಾಕಿದರೆ ಅಲಗು ಹಾಳು.

ಇದಕ್ಕಿಂತ ದೊಡ್ಡ ಕೊಂಡಿಗೆ ನಾನು ರೌಂಡ್ ನೋಸ್ (ದುಂಡು ಮೂತಿಯ) ಇಕ್ಕಳವನ್ನೇ ಬಳಸುತ್ತೇನೆ. ನೀವು ಹೇಳಿದ ಹಾಗೆ ಅದರ ಮೂತಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆ. ಮೂತಿ ತುದಿಗೆ ಹೋದಷ್ಟೂ ಸಣ್ಣ ಅಲ್ವಾ, ಪ್ರತಿ ಸಲ ಅದೇ ಗೆರೆಯಲ್ಲಿ ಹಿಡಿದರೆ ಅಳತೆ ತಪ್ಪುವುದಿಲ್ಲ. 20 ಗೇಜ್ (0.8 ಮಿ.ಮೀ.) ತಂತಿಯನ್ನು ಮಣಿಯ ಬುಡದಲ್ಲೇ 90 ಡಿಗ್ರಿಗೆ ಬಗ್ಗಿಸಿ, ಸುಮಾರು 1 ಸೆಂ.ಮೀ. ಬಿಟ್ಟು ಕತ್ತರಿಸಿ, ಆಮೇಲೆ ಇಕ್ಕಳದ ಮೂತಿಗೆ ಸುತ್ತುತ್ತೇನೆ. ಕೊಂಡಿಯ ಬಾಯಿ ತೆರೆಯುವಾಗ ಅಗಲಕ್ಕೆ ಎಳೆಯದೆ ಪಕ್ಕಕ್ಕೆ ತಿರುಚಬೇಕು. ಆಗ ದುಂಡು ಕೆಡುವುದಿಲ್ಲ. ಪದೇ ಪದೇ ತಿರುಚಿದರೆ ಮಾತ್ರ ತಂತಿ ಗಡುಸಾಗಿ ಮುರಿಯುತ್ತದೆ.