ಸಹಾಯ ಬೇಕು: ಚಿತ್ರ ಬರೆಯುವ ಮರದ ಹಲಗೆ ಬಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಬೆಟ್ಟ, ಬಯಲು, ಕೆರೆದಂಡೆಗಳ ಚಿತ್ರ ಬರೆಯುತ್ತೇನೆ. ಕ್ಯಾನ್ವಾಸ್ ಅಲ್ಲ, ಮರದ ಹಲಗೆ ಮೇಲೆ. ಹಲಗೆಗೆ ಹತ್ತರಿ ಹೊಡೆದು ನಯ ಮಾಡುವುದೂ ನಾನೇ. ಮುಂಭಾಗಕ್ಕೆ ಕ್ಲಿಯರ್ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ, ಮರ ಕಾಣುವಂಥ ತಳಲೇಪ) ಬಳಿದು, ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಆಮೇಲೆ ಎಣ್ಣೆಬಣ್ಣ.

ಈಗಿನ ತೊಂದರೆ ಅಗಲವಾದ ಹಲಗೆಗಳದ್ದು. ಜೆಸ್ಸೊ ಒಣಗುವಷ್ಟರಲ್ಲಿ ದೋಣಿಯ ಹಾಗೆ ಬಾಗುತ್ತವೆ. ಅಡ್ಡಲಾಗಿ ಸ್ಕೇಲ್ ಇಟ್ಟರೆ ನಡುವೆ ಪೆನ್ಸಿಲ್ ತೂರುವಷ್ಟು ಸಂದು! ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೇ ಜಾಸ್ತಿ. ಒಂದೇ ಕಡೆ ಬಳಿದರೆ ಎರಡೂ ಮುಖ ತೇವವನ್ನು ಒಂದೇ ಸಮ ಹೀರುವುದಿಲ್ಲ, ಅಲ್ವಾ? ಹಾಗಾದರೆ ಹಿಂಭಾಗಕ್ಕೂ ಜೆಸ್ಸೊನೇ ಬೇಕಾ, ಅರಗಿನ ಪಾಲಿಶ್ ಸಾಕಾ?

ಹಿಂದೆ ಅಡ್ಡಪಟ್ಟಿ ಕೊಡುವ ಯೋಚನೆಯೂ ಇದೆ. ಗಟ್ಟಿಯಾಗಿ ಅಂಟಿಸಿಬಿಟ್ಟರೆ ಹಿಗ್ಗಲು, ಕುಗ್ಗಲು ಜಾಗವಿಲ್ಲದೆ ಹಲಗೆ ಸೀಳಬಹುದು. ಸ್ಕ್ರೂ ತೂತನ್ನು ಉದ್ದ ಮಾಡಿ ಬಿಗಿಯುವುದೋ, ಹಲಗೆಯಲ್ಲೇ ಗಾಡಿ (ಪಟ್ಟಿ ಕೂರುವ ಉದ್ದನೆಯ ತೋಡು) ಕೊರೆದು ಪಟ್ಟಿಯನ್ನು ಅಂಟಿಲ್ಲದೆ ಜಾರಿಸುವುದೋ? ಮಾಡಿ ನೋಡಿದವರು ಹೇಳಿ.

ಪ್ಲೈವುಡ್ ಬಳಸಿ ಅನ್ನಬೇಡಿ ದಯವಿಟ್ಟು. ಆಕಾಶದ ಭಾಗಕ್ಕೆ ನಾನು ಬಣ್ಣವನ್ನೇ ಹಚ್ಚುವುದಿಲ್ಲ, ಮರದ ಎಳೆಗಳೇ ಅಲ್ಲಿ ಮೋಡ. ಈಗಾಗಲೇ ಚಿತ್ರ ಮುಗಿದು ಬಾಗಿರುವ ಹಲಗೆಯನ್ನು ಬಣ್ಣ ಬಿರುಕು ಬಿಡದಂತೆ ಸರಿಮಾಡಲು ಆಗುತ್ತಾ? ಅದನ್ನೂ ತಿಳಿಸಿ.