ಗ್ರಹಪ್ರವೇಶಕ್ಕೆ ದಯಮಾಡಿಸಿ

ಪ್ರೆಸ್ಸಿನ ಮುಂದಿನ ಕಲ್ಲುಬೆಂಚು. ನಾಲ್ಕು ಜನಕ್ಕೆ ಎರಡು ಬೈಟು ಕಾಫಿ. ಮೇಷ್ಟ್ರು ಕಟ್ಟಿನಿಂದ ಒಂದು ಕಾರ್ಡು ಎತ್ತಿ ಮೂಗಿನ ಹತ್ತಿರ ಹಿಡಿದರು.

ಮೇಷ್ಟ್ರು: ಏನಯ್ಯಾ ಇದು, 'ಗ್ರಹಪ್ರವೇಶ'? ಯಾವ ಗ್ರಹ? ಶನಿಯೋ, ರಾಹುವೋ?

ಪ್ರೆಸ್ಸಿನವ: ಒಂದು ಒತ್ತಿಗೆ ಇಷ್ಟು ರಂಪಾನಾ ಸಾರ್?

ಮೇಷ್ಟ್ರು: ಗಕಾರಕ್ಕೆ ವಟ್ರಸುಳಿ ಹಾಕಿದ್ರೆ 'ಗೃ', ಅದು ಮನೆ. ರ-ಒತ್ತು ಕೊಟ್ರೆ 'ಗ್ರ', ಅದು ಆಕಾಶದ್ದು. ಬಾಯಲ್ಲಿ ಎರಡನ್ನೂ ಒಂದೇ ಹದಕ್ಕೆ ಉರುಳಿಸ್ತೀವಲ್ಲ, ಕೈನೂ ಅದನ್ನೇ ಬರೆಯುತ್ತೆ.

ಮಂಗಳೂರಿನವ: ಈ ಸಂಸ್ಕೃತದ ಉಸಾಬರಿ ಯಾಕೆ ಮಾರಾಯ್ರೆ? 'ಮನೆ ಒಕ್ಕಲು' ಅಂತ ಹಾಕಿದ್ರೆ ಮುಗೀತಲ್ಲ.

ಪ್ರೆಸ್ಸಿನವ: ಮನಸ್ಸಿಗೆ ಹಿತವಾಗಿರೋದೇ 'ಮನೆ' ಅಂತ ವಾಟ್ಸಾಪಲ್ಲಿ ಬಂದಿತ್ತು ಸಾರ್.

ಮೇಷ್ಟ್ರು: ವಾಟ್ಸಾಪಿಗೆ ವ್ಯಾಕರಣ ಯಾರು ಕಲಿಸಿದ್ರು? 'ಮನಸ್ಸು' ಸಂಸ್ಕೃತದ್ದು, 'ಮನೆ' ದ್ರಾವಿಡದ್ದು. ತಮಿಳಲ್ಲಿ 'ಮನ್ನು' ಅಂದ್ರೆ ನೆಲೆನಿಲ್ಲು, ತೆಲುಗಲ್ಲಿ 'ಮನು' ಅಂದ್ರೆ ಬದುಕು. ಬರೋ ಮತ್ತು ಎಮೆನೋ ಅಂತ ಇಬ್ಬರು ಭಾಷಾ ವಿದ್ವಾಂಸರು ತಮ್ಮ ದ್ರಾವಿಡ ನಿಘಂಟಲ್ಲಿ ಇವನ್ನೆಲ್ಲ 'ಮನೆ' ಜೊತೆ ಒಂದೇ ಕಟ್ಟಿಗೆ ಕಟ್ಟಿದ್ದಾರೆ. ತಮಿಳಿನ 'ಮನೈ' ಮನೆ, 'ಮನೈವಿ' ಹೆಂಡತಿ.

ಹುಬ್ಬಳ್ಳಿಯವ: ನಮ್ಮ ಕಡೆ ಅದು 'ಮನಿ' ಆಗೇದರಿ. ಮನಿ ಕಟ್ಟಾಕ ಮನಿ ಬೇಕು, ಮನಿ ಇದ್ದಾಂವಗ ಮನ್ಯಾಗ ಇರಾಕ ಪುರಸೊತ್ತಿಲ್ಲ.

ಮಂಗಳೂರಿನವ: ತುಳುವಿನಲ್ಲಿ ಇನ್ನೂ ಫಜೀತಿ. ಮನೆಗೆ 'ಇಲ್ಲ್' ಅಂತ ಹೇಳುದು. ತೆಲುಗಿನ 'ಇಲ್ಲು', ಮಲಯಾಳದ 'ಇಲ್ಲಂ' ಅದರದ್ದೇ ಬಳಗ. ನೀವು 'ಮನೆ ಇಲ್ಲ' ಅಂತ ಅಳುವಾಗ ನಮಗೆ 'ಮನೆ ಮನೆ' ಅಂತ ಕೇಳ್ತದೆ, ಎರಡೆರಡು ಉಂಟಲ್ಲ ಇವರಿಗೆ ಅಂತ!

ಮೇಷ್ಟ್ರು: ತಮಿಳರ 'ವೀಡು' ನೋಡಿ. ಹುಟ್ಟಿದ್ದು 'ವಿಡು' ಇಂದ, ನಮ್ಮ 'ಬಿಡು'. ಕೆಡು-ಕೇಡು, ಪಡು-ಪಾಡು, ಹಾಗೇ ಬಿಡು-ಬೀಡು. ಕ್ರಿಯಾಪದದ ಸ್ವರ ಎಳೆದ್ರೆ ನಾಮಪದ ಕೈಗೆ ಬರುತ್ತೆ. ದಂಡು ಹೊರೆ ಇಳಿಸಿ ಬಿಡಾರ ಬಿಟ್ಟ ಜಾಗ ಬೀಡು. ಆಮೇಲೆ ಅದೇ ರಾಜಧಾನಿಯೂ ಆಯ್ತು. ಕಲ್ಯಾಣದ ಚಾಲುಕ್ಯರ ಶಾಸನದಲ್ಲಿ ದೊರೆ 'ನೆಲೆವೀಡಿನೊಳ್' ಸುಖವಾಗಿ ಆಳ್ತಿರ್ತಾನೆ. ಹೊಯ್ಸಳರ ದೋರಸಮುದ್ರ ಪಾಳುಬಿತ್ತು, ಜನರ ಬಾಯಲ್ಲಿ ಹಳೇಬೀಡಾಯ್ತು.

ಹುಬ್ಬಳ್ಳಿಯವ: ಅಂದ್ರ ನಮ್ಮದು ಇರೋ ಜಾಗ, ಅವರದು ಬಿಡೋ ಜಾಗ?

ಮೇಷ್ಟ್ರು: ಇನ್ನೂ ಇದೆ. ತಮಿಳಲ್ಲಿ 'ವೀಡು' ಅಂದ್ರೆ ಮೋಕ್ಷ ಅಂತಲೂ ಅರ್ಥ.

ಪ್ರೆಸ್ಸಿನವ: ಸಾಲ ತೀರಿದ ಮೇಲೆ ಅಂತ ಕಾಣುತ್ತೆ. ಅಲ್ಲೀವರೆಗೂ ಅದು ಅರಮನೆ ಅಲ್ಲ, ಅರೆಮನೆ. ಉಳಿದರ್ಧ ಬ್ಯಾಂಕಿಂದು.

ಮೇಷ್ಟ್ರು: ಭೇಷ್! ಅರಮನೆಯ 'ಅರ' ಅರಸಂದು, ಅರಗಿಳಿಯಲ್ಲಿರೋದೂ ಅದೇ. ಒಂದು ಏತ್ವ ತಪ್ಪಿದ್ರೆ ರಾಜ ಹೋಗಿ ಅರ್ಧ ಉಳಿಯುತ್ತೆ.

ಮಂಗಳೂರಿನವ: ಅಲ್ಲ, ಒಂದೇ ಮನೆಯೊಳಗೆ ಅಡುಗೆಮನೆ, ದೇವರಮನೆ, ಬಚ್ಚಲುಮನೆ. ಲೆಕ್ಕ ಹಾಕಿ ತೆರಿಗೆ ಕಟ್ಟಬೇಕಾದ್ರೆ ಏನು ಗತಿ?

ಮೇಷ್ಟ್ರು: ಹಳಬರಿಗೆ ಕೋಣೆಯೂ ಮನೆಯೇ. ಗೋಡೆನೂ ಬೇಕಿಲ್ಲ. ಆಲೆಮನೆ ನೋಡಿ: ಕಬ್ಬು ಅರೆಯೋ ಆಲೆ, ಒಲೆ, ಕೊಪ್ಪರಿಗೆ, ಮೇಲೊಂದು ಚಪ್ಪರ. ಸೀಸನ್ ಮುಗಿದ್ರೆ ಚಪ್ಪರವೂ ಇರಲ್ಲ.

ಹುಬ್ಬಳ್ಳಿಯವ: ಚೌಕಾಬಾರದಾಗಂತೂ ನೆಲಕ್ಕ ಗೀಟು ಎಳದ್ರ ಮನಿ ತಯಾರ.

ಪ್ರೆಸ್ಸಿನವ: ಐದೈದ್ಲಿ 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಒಂದು. ಕವಡೆ ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕು; ನಾಲ್ಕೂ ಬೋರಲಾದ್ರೆ ಬಾರ, ಎಂಟು. ಎದುರಾಳಿಯ ಒಂದು ಕಾಯಾದ್ರೂ ಹೊಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು.

ಹುಬ್ಬಳ್ಳಿಯವ: ಇನ್ನೊಬ್ಬನ್ನ ಹೊಡದ ಮ್ಯಾಲ ಒಳಮನಿ! ಸೈಟ್ ಹಂಚೋ ಪದ್ಧತಿನೂ ಇದರಿಂದನ ಬಂದಿರಬೇಕ ನೋಡ್ರಿ.

ಮೇಷ್ಟ್ರು: ಅದಿರಲಿ, ಕಾರ್ಡಿನ ಕಥೆ ಏನು?

ಪ್ರೆಸ್ಸಿನವ: 200 ಕಾರ್ಡು ಆಗ್ಲೇ ಹೊಡೆದು ಮಡಚಿಟ್ಟಿದ್ದೀನಿ ಸಾರ್. ವಟ್ರಸುಳಿ ಪೆನ್ನಲ್ಲಿ ತಿದ್ದಿದ್ರೆ ಮಸಿ ಹರಡುತ್ತೆ.

ಮಂಗಳೂರಿನವ: ತಿದ್ದುದು ಬೇಡ. ಎದುರಿಗೆ 'ನವ' ಅಂತ ಒಂದು ರಬ್ಬರ್ ಸ್ಟಾಂಪ್ ಒತ್ತಿ ಬಿಡಿ. ಒಂಬತ್ತೂ ಒಟ್ಟಿಗೆ ಬರಲಿ, ಬಾಡಿಗೆ ಆದ್ರೂ ಹಂಚಿಕೊಳ್ತವೆ!