ಎಂಪಿಎಲ್‌ಎಸ್ ಹಾಕಿದ್ಮೇಲೆ ಪಿಂಗ್ ಹೋಗತ್ತೆ, ಬ್ಯಾಂಕ್ ಸೈಟ್ ಓಪನ್ ಆಗಲ್ಲ

ತುಂಗಾತೀರ:
ನಮಸ್ಕಾರ, ನಮ್ದು ಚಿಕ್ಕ ಐಎಸ್‌ಪಿ. ತೀರ್ಥಹಳ್ಳೀಲಿ ಬಿಎನ್‌ಜಿ (ಕಸ್ಟಮರ್ಸ್ ಲಾಗಿನ್ ಆಗೋ ಮುಖ್ಯ ರೂಟರ್), ಅಲ್ಲಿಂದ ಕೊಪ್ಪ, ಕೊಪ್ಪದಿಂದ ಶೃಂಗೇರಿ. ಮಳೆಗಾಲದೊಳಗೆ ರಿಂಗ್ (ಒಂದು ಫೈಬರ್ ಕಟ್ಟಾದ್ರೂ ಇನ್ನೊಂದು ದಾರಿ) ಮಾಡ್ಬೇಕು, ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳು ಲೂಪ್ ತಡೆಯೋ ವಿಧಾನ) ನಂಬ್ಕೊಂಡು ಕೂರಕ್ಕಾಗಲ್ಲ ಅಂತ ಎಂಪಿಎಲ್‌ಎಸ್‌ಗೆ (ಪ್ಯಾಕೆಟ್‌ಗೆ ಲೇಬಲ್ ಅಂಟಿಸಿ ಕಳ್ಸೋ ವಿಧಾನ) ಹೋದ್ವಿ: ಒಎಸ್‌ಪಿಎಫ್ (ರೂಟರ್‌ಗಳು ದಾರಿ ಕಂಡ್ಕೊಳ್ಳೋ ಪ್ರೋಟೋಕಾಲ್) ಮೇಲೆ ಎಲ್‌ಡಿಪಿ (ಆ ದಾರಿಗೆ ಲೇಬಲ್ ಹಂಚೋದು) ಹಾಕಿ ಒಂದೇ ರಾತ್ರೀಲಿ ಎಲ್ಲಾ ಪಿಪಿಪಿಒಇ (ಯೂಸರ್‌ನೇಮ್-ಪಾಸ್‌ವರ್ಡ್ ಲಾಗಿನ್) ಕಸ್ಟಮರ್ಸ್‌ನ ವಿಪಿಎಲ್‌ಎಸ್‌ಗೆ (ಎಂಪಿಎಲ್‌ಎಸ್ ಮೇಲೆ ಎಲ್ಲಾ ಊರು ಒಂದೇ ಲ್ಯಾನ್ ಥರ ಕಾಣೋ ಸೇವೆ) ತಂದ್ವಿ. ಕೊಪ್ಪ ಆರಾಮಾಗಿದೆ. ಶೃಂಗೇರಿಯವ್ರು ಲಾಗಿನ್ ಆಗ್ತಾರೆ, ಯೂಟ್ಯೂಬ್ ಓಡುತ್ತೆ, ಬ್ಯಾಂಕ್ ಸೈಟ್ ಮಾತ್ರ ಸುತ್ತಾನೇ ಇರತ್ತೆ. ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ಹೋಗೋ ಡೇಟಾದ ಮಿತಿ) 1400 ಮಾಡಿದ್ರೆ ಸರಿ ಹೋಗುತ್ತೆ. ಆದ್ರೆ ಲೂಪ್‌ಬ್ಯಾಕ್‌ನಿಂದ (ರೂಟರ್‌ನ ಸ್ವಂತ ವಿಳಾಸ) ಲೂಪ್‌ಬ್ಯಾಕ್‌ಗೆ 1500 ಬೈಟಿನ ಡಿಎಫ್ (ಪ್ಯಾಕೆಟ್ ಒಡೆಯಬೇಡ ಅನ್ನೋ ಗುರುತು) ಪಿಂಗ್ ಕ್ಲೀನಾಗಿ ಹೋಗ್ತಿದೆ, ಎಂಟಿಯು (ಲಿಂಕ್ ಬಿಡೋ ಪ್ಯಾಕೆಟ್ ಗಾತ್ರದ ಮಿತಿ) ಸಮಸ್ಯೆ ಅಂತ ಹೇಗೆ ಹೇಳೋದು?

ಲೇಬಲ್_ರಾಯ:
ಎಂಟಿಯುನೇ ಸರ್. ಆ ಪಿಂಗ್‌ಗೆ ಒಂದೇ ಲೇಬಲ್, 4 ಬೈಟು, ಅದೂ ಕೊನೇ ಹಾಪ್‌ಗೆ ಮುಂಚೇನೇ ಕಿತ್ತುಹಾಕ್ತಾರೆ. ವಿಪಿಎಲ್‌ಎಸ್‌ನಲ್ಲಿ ಕಸ್ಟಮರ್ 1500ರ ಜೊತೆ ಅವರ ಈಥರ್‌ನೆಟ್ ಹೆಡರ್ 14, ಕಂಟ್ರೋಲ್ ವರ್ಡ್ (ಲೇಬಲ್ ಆದ್ಮೇಲೆ ಸೇರೋ ಚಿಕ್ಕ ಹೆಡರ್) 4, ಎರಡು ಲೇಬಲ್ 8, ಒಟ್ಟು 1526, ವಿಎಲ್ಯಾನ್ ಟ್ಯಾಗ್ (ಒಂದೇ ತಂತೀಲಿ ನೆಟ್‌ವರ್ಕ್ ಬೇರ್ಪಡಿಸೋ ಗುರುತು) ಒಳಗೇ ಹೋದ್ರೆ 1530. ಕೊಪ್ಪ-ಶೃಂಗೇರಿ ಮಧ್ಯೆ 1522 ಬೈಟ್ ಫ್ರೇಮ್‌ವರೆಗೆ (ಹೊರಗಿನ ಈಥರ್‌ನೆಟ್‌ನ 18 ಕಳೆದ್ರೆ ಒಳಗೆ 1504) ಮಾತ್ರ ಬಿಡೋ ಹಳೇ ಸ್ವಿಚ್ ಏನಾದ್ರೂ ಕೂತಿದ್ಯಾ ನೋಡಿ, ಅಂಥದ್ದು ನಿಮ್ಮ ಪಿಂಗ್‌ನ ಬಿಟ್ಟು ಕಸ್ಟಮರ್ ದೊಡ್ಡ ಪ್ಯಾಕೆಟ್‌ನ ಸದ್ದಿಲ್ದೆ ನುಂಗುತ್ತೆ. ಯೂಟ್ಯೂಬ್ ಕ್ವಿಕ್‌ನಲ್ಲಿ (ಟಿಸಿಪಿ ಬದಲು ಯುಡಿಪಿ ಮೇಲೆ ಓಡೋ ಪ್ರೋಟೋಕಾಲ್) ಚಿಕ್ಕ ಪ್ಯಾಕೆಟ್ ಕಳ್ಸುತ್ತೆ, ಅದಕ್ಕೇ ಓಡ್ತಿರೋದು. ಶೃಂಗೇರಿ ವಿಪಿಎಲ್‌ಎಸ್ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿ, ಆ ಕಡೆ ಬ್ರಿಡ್ಜ್‌ಗೊಂದು ಐಪಿ ಕೊಟ್ಟು, ಡಿಎಫ್ ಇಟ್ಟು 1472ರಿಂದ (1500ರಲ್ಲಿ ಹೆಡರ್ 28 ಕಳೆದು) ಇಳಿಸ್ತಾ ಪಿಂಗ್ ಮಾಡಿ. 1450ಕ್ಕೆ ಹೋಗಿ 1451ಕ್ಕೆ ನಿಂತ್ರೆ ಸ್ವಿಚ್ಚೇ ಕಳ್ಳ.

ಎಂಎಸ್‌ಎಸ್ ಇಳಿಸಿ ಬಿಟ್ಬಿಡಬೇಡಿ, ಅದು ಟಿಸಿಪಿಗೆ ಮಾತ್ರ, ನಾಳೆ ಆಫೀಸ್ ವಿಪಿಎನ್ ಹಾಕೋರು ಫೋನ್ ಮಾಡ್ತಾರೆ.

ತುಂಗಾತೀರ:
ಸರ್ ಸರಿಯಾಗಿ 1450ಕ್ಕೇ ನಿಂತ್ತು!! ನಾವೇ ಕಾಪರ್ ಕನ್ವರ್ಟ್ ಮಾಡೋಕೆ ಮಧ್ಯದ ಟವರ್ ರೂಮಲ್ಲಿ ಒಂದು ಅನ್‌ಮ್ಯಾನೇಜ್ಡ್ ಸ್ವಿಚ್ ಇಟ್ಟಿದ್ವಿ, ಡ್ರಾಯಿಂಗಲ್ಲೂ ಇರ್ಲಿಲ್ಲ. ತೆಗ್ದು ನೇರ ಫೈಬರ್ ಕೊಟ್ಟೆ, ಎಂಎಸ್‌ಎಸ್ ವಾಪಸ್ 1452, ಎಲ್ಲಾ ಓಪನ್ ಆಗ್ತಿದೆ. ರಿಂಗ್ ಹಾಕೋ ಮುಂಚೆ ಇನ್ನೇನ್ ನೋಡ್ಲಿ?

ಲೇಬಲ್_ರಾಯ:
ಕೋರ್ ಲಿಂಕ್ ಎಲ್ಲದಕ್ಕೂ ಸಾಧ್ಯ ಆದ್ರೆ ಎಂಟಿಯು 9000 ಕೊಡಿ, ಬಾಡಿಗೆ ಲಿಂಕಿಗೆ ಕಡೇಪಕ್ಷ 1600 ಬರವಣಿಗೇಲಿ ಕೇಳಿ, ಬಾಯಲ್ಲಿ "ಜಂಬೋ (ದೊಡ್ಡ ಫ್ರೇಮ್) ಇದೆ" ಅನ್ನೋದನ್ನ ನಂಬಬೇಡಿ. ಲೂಪ್‌ಬ್ಯಾಕ್ ಮಾಸ್ಕ್ /32 (ಒಂದೇ ವಿಳಾಸ) ಆಗಿರ್ಲಿ, /24 ಕೊಟ್ರೆ ಸಿಸ್ಕೊದಲ್ಲಿ ಒಎಸ್‌ಪಿಎಫ್ ಅದನ್ನ /32 ಅಂತಾನೇ ಹೇಳುತ್ತೆ, ಎಲ್‌ಡಿಪಿ /24ಗೆ ಲೇಬಲ್ ಹಂಚುತ್ತೆ, ಎರಡೂ ಕೂಡಲ್ಲ, ದಾರಿ ಮುರಿಯುತ್ತೆ. ಲೇಬಲ್ ಲೂಪ್‌ಬ್ಯಾಕ್‌ಗಳಿಗೆ ಮಾತ್ರ ಸಾಕು. ಕಸ್ಟಮರ್ ಪೋರ್ಟಲ್ಲಿ ಎಲ್‌ಡಿಪಿ ಬೇಡವೇ ಬೇಡ. ರಿಂಗ್ ಆದ್ಮೇಲೆ ಎಲ್‌ಡಿಪಿ-ಐಜಿಪಿ ಸಿಂಕ್ (ಐಜಿಪಿ ಅಂದ್ರೆ ಇಲ್ಲಿ ಒಎಸ್‌ಪಿಎಫ್) ಆನ್ ಮಾಡಿ, ಇಲ್ದಿದ್ರೆ ಕಟ್ಟಾದ ಫೈಬರ್ ವಾಪಸ್ ಬಂದಾಗ ಲೇಬಲ್ ಬರೋ ಮುಂಚೆನೇ ಒಎಸ್‌ಪಿಎಫ್ ಟ್ರಾಫಿಕ್ ಅಲ್ಲಿಗೆ ತಿರುಗಿಸುತ್ತೆ, ಎಲ್ಲಾ ಬ್ಲ್ಯಾಕ್‌ಹೋಲ್, ಅಂದ್ರೆ ಸದ್ದಿಲ್ದೆ ಮಾಯ. ಟ್ರಾಫಿಕ್ ಇಂಜಿನಿಯರಿಂಗ್ (ಟ್ರಾಫಿಕ್‌ಗೆ ದಾರಿ ನಾವೇ ಗೊತ್ತು ಮಾಡೋದು) ಮೂರು ಪಾಪ್‌ಗೆ (ನೆಟ್‌ವರ್ಕ್ ಕೇಂದ್ರ) ಬೇಕಿಲ್ಲ.

ಮುಂದಿನ ಸಲ ಒಂದೊಂದೇ ಒಎಲ್‌ಟಿ (ಮನೆಗಳ ಫೈಬರ್ ಬಂದು ಸೇರೋ ಪೆಟ್ಟಿಗೆ) ಶಿಫ್ಟ್ ಮಾಡಿ ಸರ್, ಹಳೇ ವಿಎಲ್ಯಾನ್ ಒಂದು ವಾರ ಹಾಗೇ ಇರ್ಲಿ.

ತುಂಗಾತೀರ:
ಹಳೇ ವಿಎಲ್ಯಾನ್ ಇನ್ನೂ ತೆಗ್ದಿಲ್ಲ, ಬಚಾವ್. ಇವತ್ತೇ ಲೂಪ್‌ಬ್ಯಾಕ್ ಮಾಸ್ಕ್ ಚೆಕ್ ಮಾಡ್ತೀನಿ, ಒಂದು /24 ಇದ್ದ ಹಾಗಿದೆ.